ಹಸಿ ಗೋಡೆ

ಒಂದೇ ನಿವೇಶನದಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಎರಡು ಮನೆ, ನಡುವೆ ಒಂದೇ ಗೋಡೆ, ಹಾಗೆ ನಕ್ಷೆ ಹಾಕಿಕೊಡಿ ಎಂದು ಬರುವವರಿಗೆ ನಾನು ಕಾಫಿ ಕೊಟ್ಟು ವಾಪಸು ಕಳಿಸುತ್ತೇನೆ. ಖರ್ಚು ಉಳಿಯುತ್ತದೆ ಸಾರ್ ಎನ್ನುತ್ತಾರೆ. ಉಳಿಯುತ್ತದೆ, ನಿಜ, ಬೇರೆ ಯಾರಾದರೂ ಮಾಡಿಕೊಡುತ್ತಾರೆ ಹೋಗಿ ಎನ್ನುತ್ತೇನೆ. ನನ್ನ ಆಫೀಸಿನ ಹುಡುಗಿಯರು ಇದನ್ನು ಸಾಹೇಬರ ಮಿಲಿಟರಿ ಗತ್ತು ಎಂದುಕೊಂಡಿದ್ದಾರೆ. ಸೈನ್ಯದ ಎಂಜಿನಿಯರುಗಳ ಪಡೆಯಲ್ಲಿ ಕೆಲವು ವರ್ಷ ಇದ್ದು ಬಂದ ಆರ್ಕಿಟೆಕ್ಟು ಏನು ಹಠ ಮಾಡಿದರೂ ಜನ ಅದನ್ನು ಸೈನ್ಯದ ತಲೆಗೇ ಕಟ್ಟುತ್ತಾರೆ. ನನಗೂ ಅದು ಅನುಕೂಲವೇ, ಕಾರಣ ಹೇಳುವ ಕಷ್ಟ ತಪ್ಪುತ್ತದೆ. ಆದರೆ ಈ ಹಠ ನನಗೆ ಅಂಟಿದ್ದು ಅದಕ್ಕಿಂತ ಬಹಳ ಹಿಂದೆ, ಕನಕಪುರ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ. ದೊಡ್ಡಆಲಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಊರು ಅದು. ನಾನಿನ್ನೂ ಸ್ಲೇಟು ಹಿಡಿದುಕೊಂಡು ಸ್ಕೂಲಿಗೆ ಹೋಗುತ್ತಿದ್ದ ಕಾಲ.

ತೊಟ್ಟಿ ಮನೆ ಎಂದರೆ ಈಗಿನವರ ಕಣ್ಣಿಗೆ ಪಾಲಿಷು ಮಾಡಿದ ಕಂಬ, ನಡುವೆ ತಾವರೆಯ ಕೊಳ ಬರುತ್ತದೆ. ನಮ್ಮದಕ್ಕೆ ಮಣ್ಣಿನ ಗೋಡೆ, ನಾಡಹೆಂಚಿನ ಸೂರು, ನಡುವೆ ಆಕಾಶ ಕಾಣುವಷ್ಟು ಒಂದು ಸಣ್ಣ ತೊಟ್ಟಿ. ಮಳೆ ಬಂದರೆ ಅಲ್ಲಿ ಹಂಡೆ ಇಡುತ್ತಿದ್ದರು, ಬಿಸಿಲು ಬಂದರೆ ಹುರುಳಿ ಒಣಹಾಕುತ್ತಿದ್ದರು. ತೊಟ್ಟಿಯ ಮೂಡಲಿಗೆ ತಲೆಬಾಗಿಲು, ಪಡುವಲಿಗೆ ಅಡುಗೆ ಮನೆ ಮತ್ತು ಹಿತ್ತಲ ಬಾಗಿಲು. ಒಂದು ಪಕ್ಕಕ್ಕೆ ಕೋಣೆಗಳು, ಇನ್ನೊಂದು ಪಕ್ಕಕ್ಕೆ ಮನೆಯ ಉದ್ದಕ್ಕೂ ಹಜಾರ. ಹಜಾರದ ಪಡುವಲ ತುದಿಯಲ್ಲಿ ಒಂದು ದೊಡ್ಡ ಬಾಗಿಲಿತ್ತು, ಮೂಡಲ ತುದಿಯಲ್ಲಿ ಜೋಡಿ ಕಿಟಕಿ. ಆಷಾಢದ ಗಾಳಿ ಆ ಬಾಗಿಲಲ್ಲಿ ಒಳಗೆ ಬಂದು, ಹಜಾರದಲ್ಲಿ ಒಂದು ಸುತ್ತು ನಡೆದಾಡಿ, ಕಿಟಕಿಯಿಂದ ಹೊರಗೆ ಹೋಗುತ್ತಿತ್ತು. ಆ ಮನೆ ಕಟ್ಟಿದವರು ಯಾರೋ ನನಗೆ ಗೊತ್ತಿಲ್ಲ. ಗಾಳಿಗೆ ಬರುವ ದಾರಿ ಇದ್ದಂತೆ ಹೋಗುವ ದಾರಿಯೂ ಬೇಕು ಎಂದು ಅವರಿಗೆ ಗೊತ್ತಿತ್ತು. ನಾನು ಕಾಲೇಜಿಗೆ ಫೀಸು ಕಟ್ಟಿ ಅದನ್ನೇ ಇಂಗ್ಲಿಷಿನಲ್ಲಿ ಕಲಿತೆ.

ಆ ಹಜಾರ ಹುಳದ್ದು. ನಮ್ಮ ಕಡೆ ಹುಳ ಎಂದರೆ ರೇಷ್ಮೆ ಹುಳ, ಯಾವ ಹುಳ ಎಂದು ಯಾರೂ ಕೇಳುವುದಿಲ್ಲ. ಮೊಟ್ಟೆ ತಂದು ಮರಿ ಮಾಡಿದ ದಿನದಿಂದ ಅವು ಗೂಡು ಕಟ್ಟುವ ತನಕ ಮನೆ ನಮ್ಮ ಕೈ ತಪ್ಪುತ್ತಿತ್ತು. ಹುಳ ಸಣ್ಣದಿದ್ದಾಗ ಒಂದು ಮೂಲೆ ಸಾಕು. ಬೆಳೆದಂತೆಲ್ಲ ಬಿದಿರ ತಟ್ಟೆಗಳು ಹೆಚ್ಚಿ ಹಜಾರ ತುಂಬಿ, ಕೋಣೆಗೂ ನುಗ್ಗಿ, ಕೊನೆಗೆ ನಾವು ಚಾಪೆ ಸುತ್ತಿಕೊಂಡು ಜಗಲಿಗೆ ಹೋಗುತ್ತಿದ್ದೆವು. ಹುಳ ಪೊರೆ ಬಿಡುವ ಮುಂಚೆ ಹಿಪ್ಪುನೇರಳೆ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮವರು ಜ್ವರ ಎನ್ನುತ್ತಾರೆ. ನಾವೆಲ್ಲ ಜಗಲಿಯ ಮೇಲೆ ಸಾಲಾಗಿ ಮಲಗಿದ್ದು ಕಂಡರೆ ಹುಳ ನಾಲ್ಕನೇ ಜ್ವರಕ್ಕೆ ಬಂದಿದೆ ಎಂದು ಬೀದಿಯವರಿಗೆ ತಿಳಿಯುತ್ತಿತ್ತು. ಆ ಜ್ವರ ದಾಟಿದ ಮೇಲೆ ಅವು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಎಂದೂ ಹಾಗೆ ಕೇಳಿಸಲಿಲ್ಲ. ಹಸಿದವರು ಮಾತಾಡದೆ ಉಣ್ಣುವ ಸದ್ದು ಅದು.

ಈ ಹುಳದ ಮನೆಗೆ ಯಜಮಾನಿ ದೊಡ್ಡವ್ವ, ನಮ್ಮ ದೊಡ್ಡಪ್ಪನ ಹೆಂಡತಿ. ಕಾಯಿದೆ ಅವಳದ್ದೇ. ಹುಳ ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ದಿನಾ ಮುದ್ದೆ, ಉಪ್ಸಾರು, ಹಸಿ ಖಾರ. ಕಾಲು ತೊಳೆಯದೆ ಹೊಸಿಲು ದಾಟಿದರೆ ಅಪ್ಪನಿಗೂ ಬೈಗುಳ ತಪ್ಪುತ್ತಿರಲಿಲ್ಲ. ನೆಂಟರು ಬಂದರೆ ಜಗಲಿಯಲ್ಲೇ ನೀರು ಕೊಟ್ಟು ಅಲ್ಲಿಂದಲೇ ಕಳಿಸುತ್ತಿದ್ದಳು. ನನ್ನ ಜೊತೆ ಆಡಲು ಯಾರಾದರೂ ಹುಡುಗರು ಬಂದರೆ ಬಾಗಿಲಿಗೆ ಅಡ್ಡ ನಿಂತುಕೊಳ್ಳುತ್ತಿದ್ದಳು.

"ಹುಳ ಐತೆ ಕಣ್ರಪ್ಪ, ಆಮ್ಯಾಕೆ ಬರ್ರಿ."

ಆಮೇಲೆ ಅವರು ಬರುತ್ತಿರಲಿಲ್ಲ. ವರ್ಷದ ಅರ್ಧ ಭಾಗ ಹುಳ ಇರುವ ಮನೆಗೆ ಯಾವ ಹುಡುಗ ಎಷ್ಟು ಸಲ ಬಂದಾನು? ಹೀಗಾಗಿ ನನಗೆ ಊರಿನಲ್ಲಿ ಗೆಳೆಯರಾಗಲಿಲ್ಲ. ಅದರ ಕೊರತೆ ನನಗೆ ಆಗ ತಟ್ಟಲೂ ಇಲ್ಲ, ಯಾಕೆಂದರೆ ಹಜಾರದ ಒಳಗೆ ದೊಡ್ಡವ್ವನ ಜೊತೆ ಹೋಗಲು ಮನೆಯ ಮಕ್ಕಳಲ್ಲಿ ನನಗೊಬ್ಬನಿಗೇ ಅಪ್ಪಣೆಯಿತ್ತು. ಅವಳು ಸೊಪ್ಪು ಹಾಕುತ್ತ ಹುಳದ ಜೊತೆ ಮಾತಾಡುತ್ತಿದ್ದಳು. ಮೆಲ್ಲಗೆ ತಿನ್ನಿ, ಯಾರೂ ಕಿತ್ಕಳಲ್ಲ, ಎಂದು. ಅದೇ ದನಿಯಲ್ಲಿ ನನ್ನ ಜೊತೆಯೂ ಮಾತಾಡುತ್ತಿದ್ದಳು. ಯಾವ ಮಾತು ನನಗೆ, ಯಾವುದು ಹುಳಕ್ಕೆ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿತ್ತು.

ನಾನು ಅವಳ ಮಗನಲ್ಲ ಎಂಬುದು ನನಗೆ ಗೊತ್ತಿದ್ದ ಸಂಗತಿಯೇ, ಆದರೆ ಅದಕ್ಕೇನೂ ಅರ್ಥವಿರಲಿಲ್ಲ. ನಾನು ಹುಟ್ಟಿದ ಬೆನ್ನಿಗೇ ತಂಗಿ, ಅವಳ ಬೆನ್ನಿಗೇ ತಮ್ಮ. ಅವ್ವನ ಮಡಿಲು ಖಾಲಿಯಾಗಲೇ ಇಲ್ಲ. ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅಜ್ಜಿ ಬದುಕಿದ್ದಾಗ ನನ್ನನ್ನು ಎತ್ತಿ ದೊಡ್ಡವ್ವನ ಮಡಿಲಿಗೆ ಹಾಕಿ, ಇವನು ದೊಡ್ಡೋಳಿಗೇ ಇರಲಿ ಎಂದಿದ್ದಳಂತೆ. ನಮ್ಮ ಕಡೆ ಇದು ದೊಡ್ಡ ಸುದ್ದಿಯೇನಲ್ಲ, ಬರಹ ಪತ್ರ ಯಾವುದೂ ಇರುವುದಿಲ್ಲ. ಹಾಗೆ ಹೇಳಿದ ಮೇಲೆ ಹಾಗೆ. ನಾನು ಉಂಡದ್ದು ಅವಳ ಕೈತುತ್ತು, ಮಲಗಿದ್ದು ಅವಳ ಪಕ್ಕ, ಜ್ವರ ಬಂದರೆ ಕರೆದದ್ದು ಅವಳನ್ನು. ಅವ್ವ ತೊಟ್ಟಿಯ ಆಚೆ ಬದಿಯಲ್ಲಿ ಎಳೆ ಮಗುವಿಗೆ ಹಾಲೂಡುತ್ತ ನನ್ನನ್ನು ನೋಡುತ್ತಿದ್ದಳು. ಅವಳೂ ಕರೆಯುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ.

ಜಗಳ ಶುರುವಾದದ್ದು ಒಣಮೀನಿನಿಂದ. ಅಪ್ಪ ಕನಕಪುರದ ಸಂತೆಯಿಂದ ಬರುವಾಗ ಒಂದು ಕಟ್ಟು ಒಣಮೀನು ತಂದಿದ್ದ. ಹುಳ ನಾಲ್ಕನೇ ಜ್ವರದಲ್ಲಿತ್ತು. ಅಪ್ಪನಿಗೆ ನಾಲಿಗೆ ಚಪಲ ಜಾಸ್ತಿ, ತಿಂಗಳಿಡೀ ಉಪ್ಸಾರು ತಿಂದು ಬೇಸತ್ತಿದ್ದ. ಒಲೆಯಿಂದ ಕೆಂಡ ಎಳೆದುಕೊಂಡು ತೊಟ್ಟಿಯಲ್ಲಿ ಕುಕ್ಕರುಗಾಲಲ್ಲಿ ಕೂತ. ಮೀನಿನ ಹೊಗೆ ಹಜಾರಕ್ಕೆ ಹೋದರೆ ಹುಳ ಜ್ವರ ಬಿಟ್ಟ ಮೇಲೂ ಸೊಪ್ಪು ಮುಟ್ಟುವುದಿಲ್ಲ ಎಂದು ಆ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ದೊಡ್ಡವ್ವ ಹಜಾರದಿಂದ ಹೊರಗೆ ಬಂದಳು.

"ನಾಕ್ನೇ ಜ್ವರದಲ್ಲವೆ ಕಣಪ್ಪ. ಒಸಿ ತಡ್ಕೊ. ಗೂಡು ಕಟ್ಲಿ, ನಾನೇ ಸುಟ್ಟಿಕ್ತೀನಿ."

"ಎಷ್ಟು ದಿನ ಅಂತ ಈ ಸಪ್ಪೆ ಕೂಳು ತಿನ್ನೋದು? ಒಂದು ಮೀನು ಸುಟ್ಕಂಡ್ರೆ ಆಕಾಶ ಕಳಚ್ಕಂಡು ಬಿದ್ದೋಯ್ತದಾ?"

ಅವಳು ಹಂಡೆಯಿಂದ ಒಂದು ಚೊಂಬು ನೀರು ತಂದು ಕೆಂಡದ ಮೇಲೆ ಸುರಿದಳು. ಬೂದಿ ಎದ್ದು ಅಪ್ಪನ ಮುಖಕ್ಕೆ ಮೆತ್ತಿಕೊಂಡಿತು. ನನಗೆ ನಗು ಬಂತು, ತಂಗಿಯೂ ನಕ್ಕಳು. ಬಹುಶಃ ಅಪ್ಪನನ್ನು ಕೆರಳಿಸಿದ್ದು ಆ ನಗು. ಅವನು ಎದ್ದು ನಿಂತು, ಮುಖ ಒರೆಸಿಕೊಂಡು, ಬೀದಿಗೂ ಕೇಳುವ ಹಾಗೆ ಹೇಳಿದ.

"ಹೆರಕ್ಕಾಗ್ದೋಳು ಹುಳುಕ್ಕೆ ಅವ್ವ ಆಗವ್ಳೆ."

ದೊಡ್ಡವ್ವ ಚೊಂಬನ್ನು ಮೆಲ್ಲಗೆ ಕೆಳಗಿಟ್ಟು ಹಜಾರದೊಳಕ್ಕೆ ಹೋದಳು. ಅವ್ವ, ಅಯ್ಯೋ ಏನ್ ಮಾತಂದ್ಬುಟ್ರಿ ಎಂದದ್ದು ನನಗೆ ಕೇಳಿಸಿತು. ದೊಡ್ಡಪ್ಪ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅವನು ಮಾತಾಡುವುದೇ ಅಪರೂಪ, ತಮ್ಮನಾದ ಅಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವನು. ಹಗ್ಗ ಹೊಸೆಯುವುದನ್ನು ನಿಲ್ಲಿಸದೆಯೇ ಹೇಳಿದ.

"ನಾಳೆ ಹೊತ್ತಾರೆ ಯಜಮಾನ್ರನ್ನ ಕರ್ಸು. ಪಾಲಾಗ್ಬುಡ್ಲಿ."

ಮಾರನೆಯ ದಿನ ಊರಿನ ಯಜಮಾನರು ನಮ್ಮ ಜಗಲಿಯ ಮೇಲೆ ಕೂತು ಮನೆಯನ್ನು ಪಾಲು ಮಾಡಿದರು. ಹೊಲ, ದನ, ಕೊಳಗ, ಕೊಪ್ಪರಿಗೆ, ಹುಳದ ತಟ್ಟೆ, ಎಲ್ಲ ಆಯಿತು. ತಲೆಬಾಗಿಲಿರುವ ಮೂಡಲ ಅರ್ಧ ನಮಗೆ, ಅಡುಗೆ ಮನೆ ಇರುವ ಪಡುವಲ ಅರ್ಧ ಅವರಿಗೆ. ಹಜಾರದ ನಡುವೆ, ತೊಟ್ಟಿಯ ನಡುವೆ ಹಾದು ಹೋಗುವ ಹಾಗೆ ಒಂದು ಹಗ್ಗ ಹಿಡಿದರು. ಎಲ್ಲ ಮುಗಿಯಿತು ಎನ್ನುವಾಗ ಯಜಮಾನರ ಕಣ್ಣು ನನ್ನ ಮೇಲೆ ಬಿತ್ತು. ಅಂದು ಬೆಳಗಿನಿಂದ ನನ್ನೊಳಗೆ ಇದ್ದದ್ದೂ ಅದೊಂದೇ ಭಯ. ಹಗ್ಗದ ಯಾವ ಕಡೆ ನಾನು? ಯಾರೂ ಹೇಳಿರಲಿಲ್ಲ. ಕೇಳಿದರೆ ತಪ್ಪು ಕಡೆಗೆ ಹಾಕಿಬಿಡುತ್ತಾರೇನೋ ಎಂದು ನಾನೂ ಕೇಳಿರಲಿಲ್ಲ.

"ಇನ್ನ ಈ ಮಗ? ದೊಡ್ಡೋಳ ಮಡ್ಲಲ್ಲೇ ಬೆಳ್ದವ್ನೆ. ಮುದುಕಮ್ಮ ಮಾತು ಕೊಟ್ಟಿದ್ಲು ಅಂತಾರೆ. ಏನಮ್ಮ, ನಿಂಗೆ ಬೇಕಾ ಇವ್ನು? ಬಾಯ್ಬುಟ್ಟು ಕೇಳು, ಕೊಡುಸ್ತೀನಿ."

ದೊಡ್ಡವ್ವ ಬಾಗಿಲ ಬಳಿ ಸೊಪ್ಪಿನ ಮಂಕರಿ ಇಟ್ಟುಕೊಂಡು ನಿಂತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ. ಕಾಲು ಆಗಲೇ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ. ಮಂಕರಿಯಲ್ಲಿ ಕೈಯಾಡಿಸುತ್ತ, ಹಣ್ಣೆಲೆಗಳನ್ನು ಆರಿಸಿ ತೆಗೆಯುತ್ತ ಹೇಳಿದಳು.

"ಹುಳ ಜ್ವರ ಬುಟ್ಟು ಎದ್ದವೆ. ಸೊಪ್ಪು ಹಾಕ್ಬೇಕು. ಹೊತ್ತಾಯ್ತದೆ."

ಅಷ್ಟು ಹೇಳಿ ಒಳಗೆ ಹೋದಳು. ಯಜಮಾನರು ಎಲೆ ಅಡಿಕೆ ಉಗಿದು, ಹಂಗಾದ್ರೆ ಹೆತ್ತ ತಾಯಿ ತಾವೇ ಇರ್ಲಿ ಎಂದರು. ನಾನು ಹಗ್ಗದ ಈ ಕಡೆ ಉಳಿದೆ. ಅವಳಿಗೆ ನನಗಿಂತ ಹುಳ ಹೆಚ್ಚಾಯಿತು ಎಂದು ಆ ಕ್ಷಣದಲ್ಲಿ ನಾನು ತಿಳಿದೆ. ಮಕ್ಕಳು ಒಂದು ಸಲ ಹೀಗೆ ತಿಳಿದದ್ದನ್ನು ಬೇರೆ ಯಾರಿಂದಲೂ ತಿದ್ದಲಾಗುವುದಿಲ್ಲ, ಯಾಕೆಂದರೆ ಅವರು ಅದನ್ನು ಯಾರಿಗೂ ಹೇಳುವುದಿಲ್ಲ.

ಯಜಮಾನರು ಎದ್ದು ಹೋಗುವ ಮುನ್ನ ಒಂದು ಬುದ್ಧಿಮಾತು ಹೇಳಿದರು.

"ಹುಳ ಹಣ್ಣಾಗ್ಲಿ, ಗೂಡು ಬುಡುಸ್ಕಳಿ, ಆಮ್ಯಾಕೆ ಗೋಡೆ ಏರ್ಸಿ. ಗೋಡೆ ಎಲ್ಲಿಗೋಯ್ತದೆ?"

ಹುಳದ ಮನೆಯಲ್ಲಿ ಹುಳ ಇರುವಾಗ ಒಂದು ಗೂಟವನ್ನೂ ಹೊಡೆಯುವುದಿಲ್ಲ. ಇದು ನಮ್ಮೂರಿನ ಎಳೆ ಮಕ್ಕಳಿಗೂ ಗೊತ್ತಿರುವ ನೇಮ. ಆದರೆ ಅಪ್ಪನಿಗೆ ಅಣ್ಣನ ಮುಖ ನೋಡುವುದು ಬೇಡವಾಗಿತ್ತು, ದೊಡ್ಡಪ್ಪನಿಗೆ ಆ ಮಾತಾಡಿದ ಬಾಯಿ ಕಣ್ಣಿಗೆ ಬೀಳುವುದು ಬೇಡವಾಗಿತ್ತು. ಮಣ್ಣಿನ ಗೋಡೆಯನ್ನು ಮೊಳ ಎತ್ತರ ಏರಿಸಿ, ಬಿಸಿಲಿಗೆ ಒಣಗಲು ಬಿಟ್ಟು, ಅದು ಗಟ್ಟಿಯಾದ ಮೇಲೆ ಇನ್ನೊಂದು ಮೊಳ ಏರಿಸಬೇಕು. ಸೋನೆ ಮಳೆಯ ಕಾಲ, ಬಿಸಿಲೇ ಇರಲಿಲ್ಲ. ಅವರು ಕಾಯಲೂ ಇಲ್ಲ. ಅಣ್ಣ ಆ ಕಡೆಯಿಂದ, ತಮ್ಮ ಈ ಕಡೆಯಿಂದ, ತೊಟ್ಟಿಯಲ್ಲಿ ಮಣ್ಣು ತುಳಿದು, ಮಾತಿಲ್ಲದೆ ಒಂದೇ ಗೋಡೆಯನ್ನು ಏರಿಸಿದರು. ಒಬ್ಬ ಉಂಡೆ ಇಟ್ಟರೆ ಇನ್ನೊಬ್ಬ ಅದರ ಪಕ್ಕಕ್ಕೆ ಇಡುತ್ತಿದ್ದ. ಅವರಿಬ್ಬರೂ ಸೇರಿ ಅಷ್ಟು ಹುರುಪಿನಿಂದ ಮಾಡಿದ ಬೇರೆ ಕೆಲಸ ನನಗೆ ನೆನಪಿಲ್ಲ. ಗೋಡೆ ನನ್ನ ಎದೆಯ ಮಟ್ಟಕ್ಕೆ ಬಂದಾಗ ದೊಡ್ಡವ್ವ ಆ ಕಡೆ ಸೊಪ್ಪು ಹಾಕುತ್ತಿರುವುದು ಕಾಣುತ್ತಿತ್ತು. ಆಮೇಲೆ ಅವಳ ತಲೆ ಮಾತ್ರ. ಆಮೇಲೆ ತಟ್ಟೆ ಎತ್ತಲು ಮೇಲೆ ಚಾಚಿದ ಕೈ. ಗೋಡೆ ಸೂರು ಮುಟ್ಟಿದ ಮೇಲೆ ದನಿಯೊಂದು ಉಳಿಯಿತು. ಮೆಲ್ಲಗೆ ತಿನ್ನಿ, ಯಾರೂ ಕಿತ್ಕಳಲ್ಲ. ಈಗ ಅದು ಯಾರಿಗೆ ಎಂದು ತಿಳಿಯಲು ಮುಖ ನೋಡುವ ಹಾಗಿರಲಿಲ್ಲ.

ನಮ್ಮ ಕಡೆಯ ಅರ್ಧ ಹಜಾರಕ್ಕೆ ಕಿಟಕಿ ಉಳಿಯಿತು, ಅವರ ಕಡೆಗೆ ಬಾಗಿಲು. ಗಾಳಿ ಎರಡು ಕಡೆಯೂ ಒಳಗೆ ಬಂದು ಅಲ್ಲೇ ನಿಂತಿತು. ಗೋಡೆ ನೀರು ಕಾರುತ್ತಿತ್ತು. ಕೈಯಿಟ್ಟರೆ ತಣ್ಣಗೆ ಅಂಟಿಕೊಳ್ಳುತ್ತಿತ್ತು, ಹೊಸ ಮಣ್ಣಿನ ವಾಸನೆ ಮನೆಯೆಲ್ಲ ತುಂಬಿತ್ತು. ಅವ್ವನಿಗೆ ಹುಳದ ಕೆಲಸ ಅಷ್ಟಾಗಿ ಗೊತ್ತಿರಲಿಲ್ಲ. ಸೊಪ್ಪು ಹಾಕುತ್ತಿದ್ದಳು, ಕಸ ತೆಗೆಯುತ್ತಿದ್ದಳು, ಭಯ ಪಡುತ್ತಿದ್ದಳು. ಒಂದು ಬೆಳಿಗ್ಗೆ ನಾನು ತಟ್ಟೆಯ ಹತ್ತಿರ ಹೋದಾಗ ಒಂದು ಹುಳ ಅಲ್ಲಾಡಲಿಲ್ಲ. ಎತ್ತಿಕೊಂಡೆ. ಸೀಮೆಸುಣ್ಣದ ತುಂಡಿನ ಹಾಗೆ ಬೆಳ್ಳಗೆ, ಗಟ್ಟಿಯಾಗಿ ಬೆರಳಲ್ಲಿ ನಿಂತುಕೊಂಡಿತು. ತೇವ, ತಣ್ಣನೆ ಗಾಳಿ ಸೇರಿದ ಕಡೆ ಬರುವ ಸುಣ್ಣಕಟ್ಟು ರೋಗ ಅದು ಎಂದು ನನಗಾಗ ತಿಳಿಯದು. ದೊಡ್ಡವ್ವನಿಗೆ ತೋರಿಸಬೇಕು ಎಂದು ಓಡಿ, ಗೋಡೆಯ ಮುಂದೆ ನಿಂತುಕೊಂಡೆ.

ಅವಳಿಗೂ ಅಂದೇ ಬೆಳಿಗ್ಗೆ ಮೊದಲ ಹುಳ ಸಿಕ್ಕಿರಬೇಕು. ಹಿತ್ತಲ ಬಾಗಿಲಿಂದ ಹೊರಟು ಓಣಿ ಸುತ್ತಿಕೊಂಡು ನಮ್ಮ ತಲೆಬಾಗಿಲಿಗೆ ಬಂದಳು. ಸ್ವಂತ ಮನೆಗೆ ಬೀದಿ ಬಳಸಿ ಬಂದದ್ದು ಅದೇ ಮೊದಲು. ಒಳಗೆ ಬರಲಿಲ್ಲ. ಕೈಯಲ್ಲಿ ಮಣ್ಣು ಮೆತ್ತಿತ್ತು, ಏದುಸಿರು ಬಿಡುತ್ತಿದ್ದಳು. ಅಪ್ಪ ಜಗಲಿಯ ಮೇಲಿದ್ದ.

"ಸುಣ್ಣಕಟ್ಟು ಬಂದೈತೆ ಕಣಪ್ಪ. ಗೋಡೆ ಕಿತ್ತಾಕಿ. ಇನ್ನೂ ಹಸಿ ಐತೆ, ಕೈಲೇ ಕೀಳ್ಬೋದು. ಗಾಳಿ ಆಡುದ್ರೆ ಉಳ್ದಿರೋವಾದ್ರೂ ಬದುಕ್ತವೆ."

ಅಪ್ಪ ನೆಲ ನೋಡುತ್ತಿದ್ದ. ಇಲ್ಲ ಎನ್ನಲಿಲ್ಲ. ಒಂದು ಮಾತು ಸಾಕಿತ್ತು, ಅಥವಾ ಮಾತೂ ಬೇಡ, ಎದ್ದು ಗುದ್ದಲಿ ತೆಗೆದುಕೊಂಡಿದ್ದರೆ ಸಾಕಿತ್ತು. ಅವನು ಏಳುತ್ತಾನೆ ಎಂದೇ ನನಗೆ ಅನ್ನಿಸಿತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ದೊಡ್ಡಪ್ಪನ ದನಿ ಬಂತು.

"ಯಾರ ಮನೆ ಬಾಗ್ಲಲ್ಲಿ ನಿಂತಿದ್ದೀಯೆ? ಬಾ ಇತ್ಲಾಗೆ. ಹೋದ್ರೆ ಹೋಗ್ಲಿ ಹುಳ."

"ಹೂಂ, ಹೋದ್ರೆ ಹೋಗ್ಲಿ," ಎಂದ ಅಪ್ಪ, ಅಣ್ಣನ ಮಾತನ್ನೇ ಎತ್ತಿಕೊಂಡು.

ಆ ವಾರದಲ್ಲಿ ಎರಡು ಕಡೆಯ ಹುಳವೂ ಹೋಯಿತು. ಅಪ್ಪ ಈ ಕಡೆ ಹಿತ್ತಲಲ್ಲಿ ಗುಂಡಿ ತೋಡಿದ, ದೊಡ್ಡಪ್ಪ ಆ ಕಡೆ ತೋಡಿದ. ಗೂಡು ಕೊಳ್ಳಲು ರಾಮನಗರದಿಂದ ಬಂದ ಸಾಬರು ಎರಡು ಬಾಗಿಲಿಗೂ ಹೋಗಿ ಬರಿಗೈಯಲ್ಲಿ ತಿರುಗಿದರು. ಆಷಾಢ ಕಳೆಯುವ ಹೊತ್ತಿಗೆ ದೊಡ್ಡಪ್ಪ ತನ್ನ ಅರ್ಧಕ್ಕೆ ಬೀಗ ಹಾಕಿ, ದೊಡ್ಡವ್ವನ ತವರಿಗೆ, ಮಾಗಡಿ ತಾಲ್ಲೂಕಿನ ಸೋಲೂರಿನ ಕಡೆಗೆ ಹೊರಟುಬಿಟ್ಟ. ನಾನು ಸ್ಕೂಲಿನಿಂದ ಬಂದು ಗೋಡೆಗೆ ಕಿವಿ ಇಟ್ಟೆ. ಎಷ್ಟೋ ಹೊತ್ತು ಇಟ್ಟುಕೊಂಡಿದ್ದೆ. ಗೋಡೆ ಆಗ ಚೆನ್ನಾಗಿ ಒಣಗಿತ್ತು.

ಅಂದಿನ ಸಂಜೆಯ ಊಟ ನನಗೆ ಇನ್ನೂ ನೆನಪಿದೆ. ಅಡುಗೆ ಮನೆ ಆ ಕಡೆ ಹೋಗಿದ್ದರಿಂದ ಅವ್ವ ಕೋಣೆಯಲ್ಲಿ ಹೊಸ ಒಲೆ ಹೂಡಿದ್ದಳು. ಮುದ್ದೆ ಇಟ್ಟು ಸಾರು ಬಿಟ್ಟಳು. ನಾನು ಮುಟ್ಟಲಿಲ್ಲ. ಖಾರವಾಯಿತಾ ಎಂದಳು, ಉಪ್ಪು ಬೇಕಾ ಎಂದಳು, ಮೊಸರು ತಂದಳು, ತುಪ್ಪ ತಂದಳು. ನಾನು ತಲೆ ಅಲ್ಲಾಡಿಸುತ್ತಲೇ ಇದ್ದೆ. ಅವಳು ನನ್ನ ಎದುರು ಕೂತು ಅತ್ತಳು.

"ನಿಂಗೇನಿಷ್ಟ ಅಂತಾನೇ ನಂಗೊತ್ತಿಲ್ವಲ್ಲೋ ಮಗ."

ಅವಳು ನನ್ನನ್ನು ಮಗ ಎಂದು ಕರೆದಾಗ ನನಗೆ ನಾಚಿಕೆಯಾಯಿತು, ನೆಂಟರ ಮನೆಯಲ್ಲಿ ಯಾರೋ ಮೈದಡವಿದ ಹಾಗೆ. ಆಮೇಲೆ ನಾವಿಬ್ಬರೂ ಒಬ್ಬರಿಗೊಬ್ಬರು ಅಭ್ಯಾಸವಾದೆವು. ಅವಳು ಒಳ್ಳೆಯವಳು. ನಾನು ಬರುವುದು ತಡವಾದರೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಆದರೂ ನನಗೆ ಅವಳು ಅವ್ವ ಆದದ್ದು ನಿಧಾನವಾಗಿ, ಕಲಿತ ಭಾಷೆಯೊಂದು ನಾಲಿಗೆಗೆ ಬರುವ ಹಾಗೆ.

ಆ ವರ್ಷವೇ ನಾನು ಮನೆಯನ್ನು ಬರೆಯಲು ಶುರು ಮಾಡಿದ್ದು. ಬೀಗ ಹಾಕಿದ ಅರ್ಧ ನನಗೆ ಮರೆತು ಹೋಗುತ್ತಿದೆ ಎಂದು ಭಯವಾಯಿತು. ಒಳಕಲ್ಲು ಬಾಗಿಲ ಬಲಕ್ಕಿತ್ತೋ ಎಡಕ್ಕಿತ್ತೋ? ಅಟ್ಟಕ್ಕೆ ಹೋಗುವ ಏಣಿ ಯಾವ ಮೂಲೆಗೆ ಒರಗಿತ್ತು? ಒಲೆಯಿಂದ ಇದ್ದಿಲು ತಂದು ನಮ್ಮ ಕಡೆಯ ಹಜಾರದ ನೆಲದ ಮೇಲೆ ಇಡೀ ಮನೆ ಬರೆದೆ. ಮೇಲಿಂದ ಸೂರು ತೆಗೆದು ನೋಡಿದರೆ ಕಾಣುವಂತೆ ಗೋಡೆಗಳು, ಬಾಗಿಲುಗಳು, ಒಲೆ, ಹಂಡೆ, ದೊಡ್ಡವ್ವ ಮಲಗುವ ಜಾಗ. ಹಾಗೆ ಬರೆಯಬಹುದು ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಡುವಿನ ಗೋಡೆಯನ್ನು ಮಾತ್ರ ಬರೆಯಲಿಲ್ಲ. ಅವ್ವ ನೆಲ ಸಾರಿಸುವಾಗ ಅದನ್ನು ಅಳಿಸುತ್ತಿದ್ದಳು, ನಾನು ಮತ್ತೆ ಬರೆಯುತ್ತಿದ್ದೆ. ಕೊನೆಗೆ ಅವಳು ಅಷ್ಟು ಜಾಗ ಬಿಟ್ಟು ಸಾರಿಸಲು ಕಲಿತಳು. ಕಾಲೇಜಿನಲ್ಲಿ ಮೇಷ್ಟರು ಮೊದಲ ದಿನ ಬೋರ್ಡಿನ ಮೇಲೆ ಒಂದು ಮನೆಯ ನಕ್ಷೆ ಬಿಡಿಸಿದಾಗ ಉಳಿದ ಹುಡುಗರು ಅದೇನೆಂದು ತಲೆ ಕೆರೆದುಕೊಂಡರು. ನಾನು ಒಲೆ ಎಲ್ಲಿ ಎಂದು ಹುಡುಕುತ್ತಿದ್ದೆ.

ಕನಕಪುರದ ಹಾಸ್ಟೆಲು, ಬೆಂಗಳೂರಿನ ಕಾಲೇಜು, ಆಮೇಲೆ ಸೈನ್ಯ. ಆರ್ಕಿಟೆಕ್ಟಾದವನು ಸೈನ್ಯಕ್ಕೆ ಯಾಕೆ ಹೋದೆ ಎಂದು ಈಗಲೂ ಕೇಳುತ್ತಾರೆ. ದೇಶಸೇವೆ ಎಂದರೆ ಅವರಿಗೆ ಸಮಾಧಾನ. ನಿಜ ಹೇಳಬೇಕೆಂದರೆ, ಯಾರೂ ನನ್ನನ್ನು ಆರಿಸಿಕೊಳ್ಳಬೇಕಾಗಿಲ್ಲದ ಜಾಗ ನನಗೆ ಬೇಕಿತ್ತು. ಸೈನ್ಯದಲ್ಲಿ ಇಂಥ ಕಡೆಗೆ ಹೋಗು ಎಂದು ಬರೆದು ಕಳಿಸುತ್ತಾರೆ, ಹೋದರೆ ಅಲ್ಲಿ ಮಲಗಲು ಒಂದು ಮಂಚ ಇರುತ್ತದೆ, ಅದು ನಿನ್ನದು. ಹಿಮ ಬೀಳುವ ಬೆಟ್ಟಗಳ ಮೇಲೆ ಜವಾನರಿಗೆ ತಂಗುದಾಣ ಕಟ್ಟಿಸುವುದು ನನ್ನ ಕೆಲಸವಾಗಿತ್ತು. ಚಳಿ ತಡೆಯಬೇಕು, ಹೊಗೆ ಹೊರಗೆ ಹೋಗಬೇಕು, ಮೈ ತೇವವಾಗಬಾರದು. ನನ್ನ ಸುಬೇದಾರರು, ಪಂಜಾಬಿನ ಕಡೆಯವರು, ಸಾಹೇಬರು ಗೋಡೆ ಒಣಗುವ ತನಕ ಒಬ್ಬನನ್ನೂ ಒಳಗೆ ಬಿಡುವುದಿಲ್ಲ ಎಂದು ಹುಡುಗರ ಜೊತೆ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಗಡಿಯಲ್ಲಿ ಗುಂಡು ಹಾರಿದ ದಿನಗಳೂ ಇದ್ದವು, ಆ ಭಯವನ್ನೂ ಕಂಡಿದ್ದೇನೆ. ಆದರೆ ಎಲ್ಲರೂ ಸಾಲಾಗಿ ಮಲಗಿ ಉಸಿರಾಡುವುದು ಕೇಳುತ್ತಿದ್ದರೆ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ರಜೆ ಬಂದರೆ ಮಾತ್ರ ಎಲ್ಲಿಗೆ ಹೋಗುವುದು ಎಂದು ತಿಳಿಯುತ್ತಿರಲಿಲ್ಲ.

ಅಂಥ ಒಂದು ರಜೆಯಲ್ಲಿ ಊರಿಗೆ ಬಂದಿದ್ದಾಗ ಅವ್ವ ಒಂದು ಚೀಲ ತಂದು ನನ್ನ ಮುಂದಿಟ್ಟಳು. ಒಂದು ಸೀರೆ, ಕುಪ್ಪಸದ ಕಣ, ಎಲೆ ಅಡಿಕೆ. ಅಪ್ಪ ಆಗ ತೀರಿಕೊಂಡಿದ್ದ, ದೊಡ್ಡಪ್ಪನೂ ಅದಕ್ಕೆ ಮುಂಚೆಯೇ ಹೋಗಿದ್ದ.

"ಸೋಲೂರ್ಗೆ ಹೋಗ್ಬಾ.‌ ಅಕ್ಕನ್ನ ನೋಡ್ಕಂಡು ಬಾ. ನಿಂಗಿಷ್ಟ ಇಲ್ದಿದ್ರೆ ನನ್ನ ಹೆಸ್ರು ಹೇಳಿ ಹೋಗು."

ಇಷ್ಟ ಇರಲಿಲ್ಲ. ಬೇಡ ಎಂದವಳ ಬಾಗಿಲಿಗೆ ನಾನು ಯಾಕೆ ಹೋಗಲಿ ಎಂದೇ ಅಷ್ಟು ವರ್ಷ ಕಳೆದಿದ್ದೆ. ಅವ್ವನ ಹೆಸರು ಹೇಳಿಕೊಂಡು ಹೊರಟೆ. ರಾಮನಗರಕ್ಕೆ ಒಂದು ಬಸ್ಸು, ಮಾಗಡಿಗೆ ಒಂದು, ಅಲ್ಲಿಂದ ಸೋಲೂರಿನ ಕಡೆಗೆ ಇನ್ನೊಂದು. ತನ್ನ ಅಣ್ಣನ ಮಕ್ಕಳು, ಮೊಮ್ಮಕ್ಕಳು, ಹಸು ಕರು ತುಂಬಿದ ತವರು ಮನೆಯ ಅಂಗಳದಲ್ಲಿ ದೊಡ್ಡವ್ವ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ಮಾಡುತ್ತಿದ್ದಳು. ಮುಖ ಸಣ್ಣಗಾಗಿತ್ತು. ಯಾರಪ್ಪ ಎಂದಳು. ಹೆಸರು ಹೇಳಿದೆ. ಕತ್ತಿ ಕೆಳಗಿಟ್ಟು ಎದ್ದಳು, ನನ್ನ ಭುಜ ಅವಳ ಕೈಗೆ ಎಟಕುವುದಿಲ್ಲ ಎಂದು ನಕ್ಕಳು, ಮಜ್ಜಿಗೆ ತಂದುಕೊಟ್ಟಳು. ಅವ್ವ ಕೊಟ್ಟ ಸೀರೆಯನ್ನು ಕಣ್ಣಿಗೊತ್ತಿಕೊಂಡಳು.

"ಮಿಲ್ಟ್ರಿಲಿ ಏನ್ ಮಾಡ್ತೀಯ? ಗುಂಡು ಹೊಡೀತೀಯಾ?"

"ಮನೆ ಕಟ್ಟುಸ್ತೀನಿ ದೊಡ್ಡವ್ವ."

"ಮಿಲ್ಟ್ರಿಯೋರ್ಗೂ ಮನೆ ಬೇಕಾ!" ಎಂದು ಅವಳು ಮತ್ತೆ ನಕ್ಕಳು. ಆ ನಗು ಕೇಳಿ ನನಗೆ ಸಿಟ್ಟು ಬಂತು. ಇಷ್ಟು ಸುಲಭವಾಗಿ ನಗುವವಳು ಅಂದು ಒಂದು ಮಾತು ಯಾಕೆ ಆಡಲಿಲ್ಲ? ಕೇಳಬಾರದು ಎಂದುಕೊಂಡೇ ಬಂದಿದ್ದೆ, ಕೇಳಿಬಿಟ್ಟೆ.

"ಅವತ್ತು ಯಜಮಾನ್ರು ಕೇಳ್ದಾಗ ನನ್ನ ಬೇಕು ಅಂತ ಯಾಕೆ ಅನ್ನಲಿಲ್ಲ ನೀನು?"

ಅವಳು ಕೂತುಕೊಂಡಳು. ಒಂದು ಗರಿ ಎತ್ತಿಕೊಂಡಳು, ಸೀಳಲಿಲ್ಲ.

"ಅಂದಿದ್ರೆ ಕೊಟ್ಬುಡೋರು ಕಣಪ್ಪ. ನಿಮ್ಮಪ್ಪ ಆ ಸಿಟ್ಟಲ್ಲಿ ತಗಂಡೋಗು ಅಂದ್ಬುಡೋನು. ನಿಮ್ಮವ್ವ ಕಂಬ ಹಿಡ್ಕಂಡು ನಿಂತಿದ್ಲು. ನೀನು ನನ್ನ ನೋಡ್ತಿದ್ದೆ. ಅವ್ಳ ಮಕ ನೀನು ಕಾಣ್ನಿಲ್ಲ, ನಾನು ಕಂಡೆ. ಹೆರ್ದೆ ಇರೋ ಸಂಕಟ ನಂಗೊತ್ತಿತ್ತು. ಹೆತ್ತು ಕೊಟ್ಬುಡೋ ಸಂಕಟ ಅವ್ಳಿಗ್ಯಾಕೆ?"

"ನೀನು ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ."

"ನೋಡಿದ್ರೆ ಕೇಳ್ಬುಡ್ತಿದ್ದೆ," ಎಂದಳು ದೊಡ್ಡವ್ವ.

ಆಮೇಲೆ ಅವಳು ಗರಿ ಸೀಳತೊಡಗಿದಳು. ನಾನು ಲೋಟ ಹಿಡಿದುಕೊಂಡು ಕೂತೇ ಇದ್ದೆ. ಕೊನೆಯ ಬಸ್ಸಿಗೆ ಹೊತ್ತಾಯಿತು ಎಂದು ಮನೆಯವರು ಹೇಳಿದಾಗ ಎದ್ದು ಅವಳ ಕಾಲು ಮುಟ್ಟಿದೆ. ಅವಳು ರಸ್ತೆಯವರೆಗೂ ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹಗುರಾಗಬೇಕಿತ್ತು, ಆಗಲಿಲ್ಲ. ಅವಳಿಗೆ ನಾನು ಬೇಡವಾದೆ ಎಂಬ ಸಿಟ್ಟನ್ನು ಹುಡುಗನಾಗಿದ್ದಾಗಿನಿಂದ ಹೊತ್ತುಕೊಂಡು ತಿರುಗಿದ್ದೆ. ಯಾರೂ ಇಲ್ಲದ ಊರುಗಳಲ್ಲಿ ಅದು ನನ್ನ ಪಕ್ಕದಲ್ಲಿ ಕೂರುತ್ತಿತ್ತು, ಅದರ ಜೊತೆ ಜಗಳವಾಡುತ್ತ ದಾರಿ ಸಾಗುತ್ತಿತ್ತು. ಈಗ ಸಿಟ್ಟು ಮಾಡಲು ಯಾರೂ ಉಳಿಯಲಿಲ್ಲ. ಮಾಗಡಿ ಬರುವ ತನಕ ಪಕ್ಕದ ಸೀಟು ಖಾಲಿಯಿತ್ತು, ನಾನು ಅಲ್ಲಿ ನನ್ನ ಚೀಲ ಇಟ್ಟುಕೊಂಡೆ.